ಸದ್ದಕ್ಕನ ಅಲೆ

ವೀಕ್ಷಣಾಲಯದಲ್ಲಿ ಎಲ್ಲರೂ ಆಕೆಯನ್ನು ಸದ್ದಕ್ಕ ಎನ್ನುತ್ತಿದ್ದರು, ಎದುರಿಗೆ ಮಾತ್ರ ಮೇಡಂ. ದೂರದ ಆಕಾಶದಲ್ಲೆಲ್ಲೋ ಎರಡು ಕಪ್ಪುರಂಧ್ರಗಳು ಡಿಕ್ಕಿ ಹೊಡೆದರೆ ಗುರುತ್ವದ ಅಲೆ ಏಳುತ್ತದೆ. ಅದನ್ನು ಹಿಡಿಯಲೆಂದೇ ಬಯಲಿನಲ್ಲಿ ಮೈಲಿಗಟ್ಟಲೆ ಉದ್ದದ ಎರಡು ಕೊಳವೆ, ಒಳಗೆ ಲೇಸರ್ ಬೆಳಕು, ತುದಿಯಲ್ಲಿ ತೂಗುಬಿಟ್ಟ ಕನ್ನಡಿ. ಅಲೆ ಬಂದರೆ ಕನ್ನಡಿ ಒಂದಿಷ್ಟೇ ಇಷ್ಟು ಅಲುಗಬೇಕು. ಆದರೆ ಅದು ಲಾರಿ ಹೋದರೂ ಅಲುಗುತ್ತದೆ, ಗಾಳಿ ಬೀಸಿದರೂ ಅಲುಗುತ್ತದೆ. "ಇದು ಅಲೆಯಲ್ಲ, ಲಾರಿ" ಎಂದು ಹೇಳುವುದೇ ಸದ್ದಕ್ಕನ ಉದ್ಯೋಗ. ಕೂದಲು ಕಪ್ಪಗಿದ್ದ ಕಾಲದಿಂದ ಅದನ್ನೇ ಹೇಳುತ್ತ, ಸಿಕ್ಕಸಿಕ್ಕವರ ಆಸೆಗೆಲ್ಲ ತಣ್ಣೀರೆರಚುತ್ತ ಬಂದಿದ್ದಳು.

"ಅಲ್ಲಮ್ಮಾ, ಇಷ್ಟು ವರ್ಷದಲ್ಲಿ ಏನು ಕಂಡುಹಿಡಿದೆ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಏನೇನು ಅಲೆ ಅಲ್ಲ ಅಂತ ಕಂಡುಹಿಡಿದಿದೀನಿ ಅತ್ತೆ."

"ಅದಕ್ಕೆ ಇಷ್ಟೆಲ್ಲ ಓದ್ಬೇಕಿತ್ತಾ?"

ನ್ಯಾಯವಾದ ಪ್ರಶ್ನೆಯೇ. ಸದ್ದಕ್ಕ ಪಾತ್ರೆ ತೊಳೆಯಲು ಹೋದಳು.

ಯಂತ್ರ ಕಿವಿಗೊಟ್ಟಿರುವಾಗ ಕೊಳವೆಯ ತುದಿಯ ಕಟ್ಟಡಕ್ಕೆ ನರಪಿಳ್ಳೆಯೂ ಹೋಗಬಾರದು, ಇದು ಆಕೆಯೇ ಮಾಡಿದ ನಿಯಮ. ಒಮ್ಮೆ ನಿರ್ದೇಶಕರನ್ನೇ ಗೇಟಿನಿಂದ ವಾಪಸು ಅಟ್ಟಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಪರದೆಯ ಮೇಲಿನ ಗೆರೆ ಚಂಗನೆ ಜಿಗಿಯಿತು. ನಿಯಂತ್ರಣ ಕೊಠಡಿಯಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಎದ್ದರು. ತಾಳೆ ನೋಡೋಣವೆಂದರೆ ಹೊರದೇಶದ ಜೋಡಿ ಯಂತ್ರ ರಿಪೇರಿಗೆ ನಿಂತಿತ್ತು. ಹಾಗಾಗಿ ಸದ್ದಕ್ಕ ಹೂಂ ಎಂದರೆ ಅಲೆ, ಊಹೂಂ ಎಂದರೆ ಕಸ. ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ನಿರ್ದೇಶಕರು ಸಂಜೆ ಆಕೆಯ ಮೇಜಿನ ಹತ್ತಿರ ಬಂದು ನಿಂತರು.

"ಈ ಸಲ ಆದ್ರೂ ಹೂಂ ಅನ್ನಿ ಮೇಡಂ. ಬರಿಗೈಲಿ ಮನೆಗೆ ಹೋಗೋಕೆ ಮನಸ್ಸಿಲ್ಲ."

ಆಕೆ ಲಾರಿ ನೋಡಿದಳು, ರೈಲು ನೋಡಿದಳು, ಸಿಡಿಲು ನೋಡಿದಳು. ಯಾವುದೂ ಇಲ್ಲ! ಪತ್ರಿಕೆಯಲ್ಲಿ ಫೋಟೊ ಬಂದರೆ ಕನ್ನಡಕ ಹಾಕಿಕೊಂಡಿರಬೇಕೋ ತೆಗೆದಿರಬೇಕೋ ಎಂಬಲ್ಲಿಯ ತನಕ ಈ ಮಹಾವಿಜ್ಞಾನಿಯ ಯೋಚನೆ ಓಡಿತು.

ಉಳಿದದ್ದು ಮನುಷ್ಯರು. ತುದಿಯ ಕಟ್ಟಡದಲ್ಲಿ ಆಗ ಯಾರೂ ಇರಲಿಲ್ಲ ಎಂದು ಟೈಪ್ ಮಾಡಹೊರಟವಳ ಕೈ ತಟ್ಟನೆ ನಿಂತಿತು. ಅಯ್ಯೋ, ತಾನೇ ಇದ್ದಳಲ್ಲ!

ಗೆರೆ ಜಿಗಿಯುವ ತುಸು ಮುಂಚೆ, ಯಂತ್ರ ನಿಂತಿದ್ದಾಗ, ಅಲ್ಲಿನ ಕೆಟ್ಟ ಕಂಪನಮಾಪಕವನ್ನು ಬಿಚ್ಚಿ ತರಲು ಹೋಗಿದ್ದಳು. ಯಂತ್ರ ಎಣಿಸಿದ್ದಕ್ಕಿಂತ ಬೇಗ ಸರಿಹೋಗಿ ಕೇಳಲು ಶುರುಮಾಡಿತು. ಫೋನು ಮಾಡಿ ಹೇಳಬೇಕಿತ್ತು. ಆದರೆ ಊರಿಗೆಲ್ಲ ನಿಯಮ ಹೇಳುವವಳು ತಾನೇ ಒಳಗೆ ಸಿಕ್ಕಿಬಿದ್ದೆ ಎನ್ನುವುದು ಹೇಗೆ? ಸದ್ದಾಗದ ಹಾಗೆ ನಡೆಯುವುದು ತನಗಲ್ಲದೆ ಇನ್ಯಾರಿಗೆ ಗೊತ್ತು ಎಂಬ ಜಂಬ ಬೇರೆ. ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಬೆಕ್ಕಿನ ಹಾಗೆ ಹೊರಬಂದು, ಮೆಲ್ಲಗೆ ಬಾಗಿಲು ಹಾಕಿದ್ದಳು. ಸಾಕ್ಷಿ ಹೇಳಬೇಕಾದ ಮಾಪಕ ಆಕೆಯ ಚೀಲದಲ್ಲೇ ಇತ್ತು.

ತುಟಿ ಪಿಟಕ್ಕೆನ್ನದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿರ್ದೇಶಕರಿಗೆ ಅಲೆ, ಆಕೆಗೆ ಫೋಟೊ. ಆದರೂ ಮರುದಿನ ನಿರ್ದೇಶಕರ ಕೋಣೆಗೆ ಹೋಗಿ ನಿಂತಳು.

"ಸರ್, ಆ ಅಲೆ... ನಾನೇ ಇರ್ಬೇಕು."

ಕೇಳಿ ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಡೀರಿ, ನೋಡೇಬಿಡೋಣ" ಎಂದು ಅವರೇ ಜೊತೆಗೆ ತುದಿಯ ಕಟ್ಟಡಕ್ಕೆ ಬಂದರು. ಯಂತ್ರ ಚಾಲೂ ಇತ್ತು. ಸದ್ದಕ್ಕ ಚಪ್ಪಲಿ ಕಳಚಿ, ತುದಿಗಾಲಲ್ಲಿ ನಡೆದು, ನಿನ್ನೆಯ ಹಾಗೆಯೇ ಬಾಗಿಲು ಹಾಕಿದಳು. ನಿಯಂತ್ರಣ ಕೊಠಡಿಯಿಂದ ಆಪರೇಟರ್ ಫೋನು ಮಾಡಿದ.

"ಬಂತು ಮೇಡಂ. ತದ್ರೂಪು ಅದೇ."

ಮುಗಿಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಆಕೆಗೆ. ನಿರ್ದೇಶಕರು ಮಾತ್ರ ಬಾಗಿಲನ್ನೇ ನೋಡುತ್ತಿದ್ದರು.

"ನಂಗೇನೂ ಕೇಳಿಸ್ಲೇ ಇಲ್ಲವಲ್ಲ. ಇನ್ನೊಂದ್ಸಲ ಹಾಕಿ."

ಹಾಕಿದಳು. ಅವರು ಈ ಬಾರಿ ಚೌಕಟ್ಟಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದರು.

"ಊಹೂಂ, ಏನೂ ಇಲ್ಲ." ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು, ತುಟಿಯಲ್ಲಿ ನಗು. "ಇಷ್ಟು ಮೆತ್ತಗೆ ಹಾಕಿದ್ದು ನಮ್ಮ ಯಂತ್ರಕ್ಕೆ ಕೇಳಿಸ್ತಲ್ಲ ಮೇಡಂ! ಇದಕ್ಕೆ ಇಷ್ಟು ಕಿವಿ ಬರ್ಲಿ ಅಂತಾನೇ ಅಲ್ವಾ ನಾವು ಮುದುಕರಾಗಿದ್ದು?"

ಸದ್ದಕ್ಕ ಚಪ್ಪಲಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅದೂ ಪರದೆಯ ಮೇಲೆ ಮೂಡಿತು.