ಬಿಳಿ ಕಣ ಹುಡುಕುವ ಬೆಕ್ಕಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಪ್ರಾಣಿಗಳ ಆಸ್ಪತ್ರೆಯ ಹಿಂಭಾಗದ ಪುಟ್ಟ ಕೋಣೆಯಲ್ಲಿ ಮಾತ್ರ ಆಗಲೇ ಕೆಲಸ ಶುರುವಾಗಿದೆ. ಸ್ಟೀಲಿನ ಮೇಜಿನ ಮೇಲೆ ಟವೆಲಿನಲ್ಲಿ ಸುತ್ತಿದ ಬೂದು ಬಣ್ಣದ ಗಡವ ಬೆಕ್ಕೊಂದು ಕಿವಿ ಹಿಂದಕ್ಕೆ ಮಡಚಿಕೊಂಡು ಕೂತಿದೆ. ವಾರ್ಡಿನ ಸಹಾಯಕಿ ಅದರ ಭುಜ ಹಿಡಿದಿದ್ದಾಳೆ. ಕನ್ನಡಕ ಹಣೆಗೇರಿಸಿಕೊಂಡ ಐವತ್ತರ ಆಸುಪಾಸಿನ ಹೆಂಗಸು ಅದರ ಹಿಂಗಾಲನ್ನು ಮೆಲ್ಲಗೆ ಎಳೆದು, ಒಳತೊಡೆಯ ಕೂದಲನ್ನು ಒದ್ದೆ ಹತ್ತಿಯಿಂದ ಸರಿಸುತ್ತಾರೆ. ದಾರದಷ್ಟು ಸಣ್ಣ ರಕ್ತನಾಳ ನೀಲಿಯಾಗಿ ಕಾಣುತ್ತದೆ.

"ಆಯ್ತು ಕಣೋ ರಾಜ, ಆಯ್ತು. ಒಂದು ಚೂರು ರಕ್ತ ಕೊಟ್ರೆ ನಿಮ್ಮಪ್ಪನ ಗಂಟೇನೂ ಹೋಗಲ್ಲ" ಎಂದು ಅವರು ಅನ್ನುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿರುತ್ತದೆ. ಬೆಕ್ಕಿಗೆ ಗೊತ್ತಾಗುವಷ್ಟರಲ್ಲಿ ಕೆಲಸ ಮುಗಿದಿದೆ. ಮೂಲೆಯಲ್ಲಿ ನಿಂತು ನೋಡುತ್ತಿದ್ದ ನನಗಂತೂ ಗೊತ್ತೇ ಆಗಲಿಲ್ಲ.

ಇವರು ಈ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಹಾಜರಿ ಪುಸ್ತಕದಲ್ಲಿ ಹೆಸರೇನೇ ಇರಲಿ, ಡಾಕ್ಟರಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಬೆಕ್ಕಕ್ಕ ಅಂತಲೇ. ನಾಯಿ, ಮೊಲ, ಗಿಳಿ ಎಲ್ಲದರ ರಕ್ತವೂ ಇವರ ಕೈಗೇ ಬರುತ್ತದೆ. ದಿನಕ್ಕೆ ಮೂವತ್ತು ನಲವತ್ತು ಸ್ಯಾಂಪಲ್. ಅದರಲ್ಲಿ ಅರ್ಧಕ್ಕರ್ಧ ಬೆಕ್ಕಿನದು. "ನಾಯಿ ಪಾಪ, ಕೈ ಚಾಚು ಅಂದ್ರೆ ಚಾಚುತ್ತೆ. ಬೆಕ್ಕು ಹಾಗಲ್ಲ. ಮೊದಲು ನಮ್ಮನ್ನ ಇಂಟರ್‌ವ್ಯೂ ಮಾಡುತ್ತೆ. ಪಾಸಾದ್ರೆ ಕಾಲು ಕೊಡುತ್ತೆ" ಎಂದು ನಗುತ್ತಾರೆ.

ಈ ಕೈ ಹುಟ್ಟಿನಿಂದ ಪಳಗಿದ್ದಲ್ಲ. ಮದುವೆಯಾದ ಹೊಸತರಲ್ಲಿ ಇವರು ಮನುಷ್ಯರ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಗಾಜಿನ ನಳಿಕೆ ತೊಳೆಯುತ್ತಿದ್ದರು. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ಬಿಡುವಿದ್ದಾಗ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಕಣಗಳನ್ನು ಗುರುತಿಸಲು ಕಲಿಸಿದರು. ಸಂಜೆ ಕಾಲೇಜಿನ ಡಿಪ್ಲೊಮಾಗೆ ಸೇರಿಸಿದ್ದೂ ಅವರೇ. "ಅವರು ಬೈಯದೆ ಕಲಿಸಿದ್ರು. ಅದಕ್ಕೇ ನನಗೆ ಕಲಿಯೋಕಾಯ್ತು" ಎನ್ನುವಾಗ ಬೆಕ್ಕಕ್ಕನ ದನಿ ತಗ್ಗುತ್ತದೆ. ಆ ಲ್ಯಾಬ್ ಮುಚ್ಚಿದ ಮೇಲೆ ಸಿಕ್ಕಿದ್ದು ಈ ಕೆಲಸ.

ಬಂದ ಮೊದಲ ತಿಂಗಳಲ್ಲೇ ಒಂದು ಬೆಕ್ಕು ಇವರ ಎಡಗೈ ತೋರುಬೆರಳನ್ನು ಕಚ್ಚಿ ಹಿಡಿಯಿತು. ಕೈ ಮೊಣಕೈವರೆಗೆ ಊದಿಕೊಂಡು ಆಪರೇಷನ್ ಆಯಿತು. ಆ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕೆಲಸ ಬಿಡುತ್ತೇನೆಂದು ಮನೆಯಲ್ಲಿ ಕೂತು ಅತ್ತ ಸೊಸೆಗೆ ದಿನಗಟ್ಟಲೆ ತುತ್ತು ಮಾಡಿ ಉಣಿಸಿದವರು ಅತ್ತೆ. ಈಗ ಎಂಬತ್ತು ದಾಟಿರುವ ಅವರು ಕಿವಿ ಸ್ವಲ್ಪ ಮಂದವಾದ್ದರಿಂದ ಜೋರಾಗಿಯೇ ಹೇಳುತ್ತಾರೆ: "ಹುಲಿ ಕಚ್ಚಿದ್ರೆ ಬಿಡು ಅಂತಿದ್ದೆ. ಬೆಕ್ಕಿಗೆ ಹೆದರಿ ಮನೇಲಿ ಕೂತಳು ಅಂದ್ರೆ ನಾಲ್ಕು ಜನರ ಮುಂದೆ ನಾನು ಮುಖ ಹೇಗೆ ತೋರಿಸಲಿ?" ಸೊಸೆ ಕೆಲಸಕ್ಕೆ ವಾಪಸ್ ಹೋದರು.

ಬೆಕ್ಕಕ್ಕನ ಕೆಲಸ ಏನೆಂದು ಊರಿಗೆ ಗೊತ್ತಾಗುವುದಿಲ್ಲ. ಬೆಕ್ಕು ಹುಷಾರಾದರೆ ಜನ ಡಾಕ್ಟರಿಗೆ ಕೈಮುಗಿಯುತ್ತಾರೆ. ಹಿಂದಿನ ಕೋಣೆಯಲ್ಲಿ ಒಬ್ಬರು ಕಣ್ಣು ಕಿರಿದು ಮಾಡಿಕೊಂಡು ಗಾಜಿನ ಮೇಲೆ ಕಣ ಎಣಿಸುತ್ತಿರುತ್ತಾರೆ ಎಂಬುದು ಅವರಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ತಿಳಿದುಕೊಂಡವರಲ್ಲಿ ಒಬ್ಬ ಪಕ್ಕದ ಬೀದಿಯ ಕ್ಷೌರಿಕ.

ಹೋದ ವರ್ಷದ ಮಾತು. ಅವನ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ಎರಡು ಬೆಕ್ಕಿನ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಹೋಗಿದ್ದರು. ಒಂದು ಕಪ್ಪು, ಒಂದು ಹಳದಿ. ಎರಡೂ ಒಗೆದ ಟವೆಲಿನ ಕಪಾಟಿನಲ್ಲಿ ಸಂಸಾರ ಹೂಡಿದವು. ಮರಿಗಳು ಮಲಗಿವೆ ಎಂದು ಗಿರಾಕಿಗಳನ್ನು ಒದ್ದೆ ಮುಖದಲ್ಲೇ ಕಾಯಿಸುತ್ತಿದ್ದನಂತೆ ಈ ಮಹಾಶಯ. ಒಂದು ಬೆಳಗ್ಗೆ ಎರಡೂ ಹಾಲು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ವಾಂತಿ, ಭೇದಿ. ಅಂಗಡಿಯ ಬಾಗಿಲು ಎಳೆದು, ಎರಡನ್ನೂ ಎದೆಗವಚಿಕೊಂಡು ಓಡಿ ಬಂದ.

ಡಾಕ್ಟರಮ್ಮನಿಗೆ ನೋಡಿದ ಕೂಡಲೇ ಅನುಮಾನ. ಲಸಿಕೆ ಹಾಕಿಸದ ಮರಿಗಳನ್ನು ಹುಡುಕಿಕೊಂಡು ಬರುವ ವೈರಸ್ ರೋಗವೊಂದಿದೆ. ಅದು ಕರುಳನ್ನು ಹರಿದುಹಾಕುವುದಷ್ಟೇ ಅಲ್ಲ, ಮೂಳೆಯೊಳಗಿನ ಮಜ್ಜೆಗೂ ಕೈಹಾಕುತ್ತದೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಹುಟ್ಟುವುದೇ ಅಲ್ಲಿ. ಮರಿಗಳ ಕತ್ತಿನಿಂದ ತೆಗೆದ ನಾಲ್ಕು ಹನಿ ರಕ್ತವನ್ನು ಬೆಕ್ಕಕ್ಕ ಸ್ಲೈಡ್ ಎನ್ನುವ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ನೇರಳೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟರು. "ಆರೋಗ್ಯವಾಗಿರೋ ಬೆಕ್ಕಿನ ರಕ್ತದಲ್ಲಿ ಎಲ್ಲಿ ನೋಡಿದ್ರೂ ಒಂದೋ ಎರಡೋ ಬಿಳಿ ಕಣ ಸಿಗ್ತವೆ. ಇಲ್ಲಿ ಪಟ್ಟಿ ಸರಿಸ್ತಾನೇ ಇದೀನಿ, ಒಂದೂ ಇಲ್ಲ. ಜಾತ್ರೆ ಮುಗಿದ ಬಯಲು ನೋಡಿದ ಹಾಗಾಯ್ತು." ಮಲದ ಪರೀಕ್ಷೆಯೂ ಅದೇ ರೋಗವೆಂದಿತು.

ಈ ವೈರಸ್ಸಿಗೆ ನೇರ ಮದ್ದಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಬೇರೆ ಸೋಂಕು ತಗುಲದಂತೆ ಆ್ಯಂಟಿಬಯಾಟಿಕ್, ಮೈಗೆ ಕಾವು. ಮಜ್ಜೆ ಮತ್ತೆ ಕೆಲಸ ಶುರು ಮಾಡುವವರೆಗೆ ಜೀವ ಹಿಡಿದಿಡಬೇಕು, ಅಷ್ಟೆ. ಕಪ್ಪು ಮರಿಗೆ ಅಷ್ಟು ತ್ರಾಣವಿರಲಿಲ್ಲ. ಎರಡನೆಯ ದಿನ ಅದು ತೀರಿಕೊಂಡಿತು.

ಕ್ಷೌರಿಕ ಅಳಲಿಲ್ಲ. ಗಾಜಿನ ಆಚೆ ಮಲಗಿದ್ದ ಹಳದಿ ಮರಿಯನ್ನೇ ನೋಡುತ್ತಾ ನಿಂತವನು, "ಇದನ್ನೂ ನರಳಿಸೋದು ಬೇಡ ಡಾಕ್ಟ್ರೇ. ಇಂಜೆಕ್ಷನ್ ಕೊಟ್ಟು ಸುಖವಾಗಿ ಮಲಗಿಸಿಬಿಡಿ" ಎಂದ.

ಡಾಕ್ಟರಮ್ಮ ಒಳಗೆ ಹೋಗಿ ಮುಟ್ಟಿ ನೋಡಿದರು. ಮರಿಯ ಮೈ ತಣ್ಣಗಾಗುತ್ತಿತ್ತು. ಅವನ ಮಾತು ತಪ್ಪೂ ಅಲ್ಲ. ಕೊನೆಗೆ, "ನಾಳೆ ಬೆಳಗ್ಗೆ ಇನ್ನೊಂದು ಸಲ ರಕ್ತ ನೋಡೋಣ. ಕಣ ಏರದೇ ಇದ್ರೆ ನೀವು ಹೇಳಿದ ಹಾಗೇ ಮಾಡೋಣ" ಎಂದರು.

ಮರುದಿನ ಬೆಳಗ್ಗೆ ಬೆಕ್ಕಕ್ಕ ಬಂದಾಗ ಕ್ಷೌರಿಕ ಬೆಂಚಿನ ಮೇಲಿದ್ದ. ಹಳದಿ ಮರಿ ತಲೆ ಎತ್ತಲಿಲ್ಲ, ಸೂಜಿಗೂ ಕದಲಲಿಲ್ಲ. ರಕ್ತಕಣ ಎಣಿಸುವ ಮೆಷಿನ್ ತೋರಿಸಿದ ಬಿಳಿ ಕಣಗಳ ಸಂಖ್ಯೆ ಹಿಂದಿನದಕ್ಕಿಂತ ಚೂರು ಮೇಲಿತ್ತು. ಆದರೆ ಬೆಕ್ಕಿನ ರಕ್ತದ ಸ್ವಭಾವವೇ ಬೇರೆ. ಅದರಲ್ಲಿರುವ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಮೆಷಿನ್ ಆ ಗುಂಪನ್ನೇ ಬಿಳಿ ಕಣವೆಂದು ಲೆಕ್ಕ ಹಾಕುವುದುಂಟು. ಡಾಕ್ಟರಮ್ಮ ಫೋನಿನಲ್ಲಿ, "ಸ್ಲೈಡ್ ನೋಡಿ ಹೇಳಿ, ನಾನು ಹೊರಟೆ" ಎಂದಷ್ಟೇ ಅಂದರು.

"ಮೊದಲು ಬರೀ ಗುಂಪುಗಳೇ ಕಂಡ್ವು" ಎಂದು ನೆನೆಯುತ್ತಾರೆ ಬೆಕ್ಕಕ್ಕ. "ಆಚೆ ಅವನು ಕೆಮ್ಮೋದೂ ನನಗೆ ಕೇಳ್ತಿದೆ. ಪಟ್ಟಿಯ ಅಂಚಿನ ಕಡೆ ಸರಿಸಿದೆ. ಅಲ್ಲೊಂದು ಕೂತಿತ್ತು. ಲಾಳದ ಹಾಗೆ ಬಾಗಿರೋ ನೇರಳೆ ಗುರುತು. ಅದು ಎಳೇ ಬಿಳಿ ಕಣ. ಮೂಳೆಯಿಂದ ಈಗ ತಾನೇ ಆಚೆ ಬಂದಿರೋದು. ಅದರ ಹತ್ತಿರ ಇನ್ನೊಂದು. ಆಮೇಲೆ ಮತ್ತೊಂದು."

ಡಾಕ್ಟರಮ್ಮ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಎದ್ದು ಬೆಕ್ಕಕ್ಕನ ಭುಜದ ಮೇಲೆ ಕೈಯಿಟ್ಟು, "ನೀವೇ ಹೋಗಿ ಹೇಳಿ" ಎಂದರು. ಇಷ್ಟು ವರ್ಷಗಳಲ್ಲಿ ಬೆಕ್ಕಿನ ಮನೆಯವರಿಗೆ ಸುದ್ದಿ ಹೇಳುವ ಕೆಲಸ ಬೆಕ್ಕಕ್ಕನ ಪಾಲಿಗೆ ಬಂದಿದ್ದು ಅದೇ ಮೊದಲು. ಅವರು ಬೆಂಚಿನ ಹತ್ತಿರ ಹೋದರು.

"ಹೊಸ ಕಣ ಬಂದಿವೆ" ಎಂದರು.

"ಅಂದ್ರೆ?"

"ಅಂದ್ರೆ ಇವತ್ತು ಮಲಗಿಸೋದು ಬೇಡ."

ಅವನು ಬೆಂಚು ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಹಿಂದಿನ ದಿನ ಬಾರದ ಅಳು ಆಗ ಬಂತು.

ಹಳದಿ ಮರಿ ಮರುದಿನವೇನೂ ಎದ್ದು ಕುಣಿಯಲಿಲ್ಲ. ಆದರೆ ಸ್ಲೈಡಿನಿಂದ ಸ್ಲೈಡಿಗೆ ಕಣಗಳು ಹೆಚ್ಚಿದವು, ವಾಂತಿ ನಿಂತಿತು, ಒಂದು ದಿನ ಕ್ಷೌರಿಕನ ಬೆರಳಿಗೆ ಹಚ್ಚಿದ ಮೆತ್ತನೆಯ ಆಹಾರವನ್ನು ನೆಕ್ಕಿತು. ಮರಿ ಅಂಗಡಿಗೆ ವಾಪಸಾದ ಮೇಲೂ ಅವನು ಆಸ್ಪತ್ರೆ ಬಿಡಲಿಲ್ಲ. ವಾರದ ರಜೆಯಂದು ತನ್ನದೇ ಕತ್ತರಿ, ಮೆಷಿನ್ ಹಿಡಿದು ಬರುತ್ತಾನೆ. ಬೀದಿಯಿಂದ ತಂದ ಬೆಕ್ಕುಗಳ ಗಂಟುಗಟ್ಟಿದ ಕೂದಲು ಬಿಡಿಸಿ ಕತ್ತರಿಸುತ್ತಾನೆ. "ಅಂಗಡಿ ಗಿರಾಕಿಗಳಿಗಿಂತ ಇವರೇ ವಾಸಿ. ರಾಜಕೀಯ ಮಾತಾಡಲ್ಲ" ಅನ್ನುವುದು ಅವನ ಜೋಕು.

ಬೆಕ್ಕಕ್ಕನಿಗೊಂದು ಆಸೆಯಿದೆ. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಬರಬೇಕಂತೆ. ಸಹಾಯಕಿ ಹುಡುಗಿ ಕಣ ಗುರುತಿಸಲು ಕಲಿಯುತ್ತಿದ್ದಾಳೆ, ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು. "ನನಗೆ ಒಬ್ಬರು ತೋರಿಸಿದ್ರಲ್ಲ" ಎನ್ನುತ್ತಾರೆ.

ನಾನು ಹೊರಡುವ ಹೊತ್ತಿಗೆ ಕ್ಷೌರಿಕ ಬುಟ್ಟಿ ಹಿಡಿದು ಬಂದ. ಹಳದಿಗೆ ಇವತ್ತು ವರ್ಷದ ಲಸಿಕೆ. ಈಗ ಅದು ಮರಿಯಲ್ಲ, ದಿಂಬಿನಂತೆ ದುಂಡಗಾದ ದೊಡ್ಡ ಬೆಕ್ಕು. ಬೆಕ್ಕಕ್ಕ ಬಗ್ಗಿ ಬುಟ್ಟಿಯೊಳಗೆ ಇಣುಕಿದ್ದೇ ತಡ, ಅದು ಬಾಲ ಉಬ್ಬಿಸಿ, ಹಲ್ಲು ಕಿರಿದು, ಉಸ್ಸೆಂದು ಬುಸುಗುಟ್ಟಿತು.

ಕ್ಷೌರಿಕ ನಾಚಿಕೊಂಡ. "ಬೇಜಾರು ಮಾಡ್ಕೋಬೇಡಿ ಅಕ್ಕ. ಉಪಕಾರದ ನೆನಪೇ ಇಲ್ಲ ಇದಕ್ಕೆ."

"ನೆನಪಿಲ್ಲದೆ ಏನು? ಚುಚ್ಚಿದವಳು ಯಾರು ಅಂತ ಚೆನ್ನಾಗೇ ನೆನಪಿದೆ" ಎನ್ನುತ್ತಾ ಬೆಕ್ಕಕ್ಕ ಬುಟ್ಟಿಯ ಮುಂದೆ ಮೊಣಕಾಲೂರಿ ಕೂತರು. ಅದು ಇನ್ನೂ ಗುರುಗುಡುತ್ತಲೇ ಇತ್ತು. "ಎಷ್ಟು ಗಟ್ಟಿ ದನಿ ನೋಡು ಇದರದ್ದು. ಗುರ್ ಅನ್ನಲಿ ಬಿಡಪ್ಪ, ಇನ್ನೂ ಸ್ವಲ್ಪ ಹೊತ್ತು ಕೇಳ್ತೀನಿ."