ಸರ್ವರ್ ನಿಲ್ಲಿಸಿದ ಮಧ್ಯಾಹ್ನ

ವಡೋದರಾದ ಮಂಜಲ್‌ಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಬ್ಯಾಂಕಿನಲ್ಲಿರುವ ಗಂಡನಿಗೆ ಇಲ್ಲಿಗೆ ವರ್ಗವಾದಾಗ ಮೈಸೂರು ಬಿಟ್ಟು ಬಂದು ಹಿಡಿದ ಕೆಲಸ. ನೋಂದಣಿ, ಔಷಧಿ ಅಂಗಡಿ, ಲ್ಯಾಬು ಎಲ್ಲವೂ ಒಂದೇ ಸರ್ವರ್ ಮೇಲೆ ನಡೆಯುತ್ತವೆ.

ಮೇ ತಿಂಗಳ ಒಂದು ಮಧ್ಯಾಹ್ನ ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಐಸಿಯುಗೆ ಬೇರೆ ಬ್ಯಾಟರಿಯಿತ್ತು. ಸರ್ವರ್‌ಗೂ ಲ್ಯಾಬಿಗೂ ಸೇರಿ ಇದ್ದದ್ದು ಒಂದು ಹಳೆಯ ಯುಪಿಎಸ್. ಅದು ಬರಿದಾಗುವ ಮೊದಲು ಸರ್ವರನ್ನು ಕ್ರಮವಾಗಿ ನಿಲ್ಲಿಸಬೇಕು. ಮೊದಲು ಹೊಸದಾಗಿ ಯಾರೂ ಲಾಗಿನ್ ಆಗದಂತೆ ತಡೆಯಬೇಕು, ನಡೆಯುತ್ತಿರುವ ಕೆಲಸ ಮುಗಿಯಲು ಬಿಡಬೇಕು, ಆಮೇಲೆ ಅಪ್ಲಿಕೇಶನ್, ಕೊನೆಗೆ ದಾಖಲೆಗಳಿರುವ ಡೇಟಾಬೇಸ್ ನಿಲ್ಲಿಸಬೇಕು. ತಾನಾಗಿ ಆರಿಹೋದರೆ ಎಲ್ಲ ರೋಗಿಗಳ ದಾಖಲೆಯೂ ಕೆಡಬಹುದು.

ಎಲ್ಲ ಕೌಂಟರಿಗೂ ಫೋನ್ ಮಾಡಿದೆ. ಒಬ್ಬೊಬ್ಬರಾಗಿ ಲಾಗೌಟ್ ಆದರು. ಲ್ಯಾಬಿನ ಒಂದು ಕೆಲಸ ಮಾತ್ರ ಉಳಿಯಿತು. ರಕ್ತ ಪರೀಕ್ಷೆಯ ಯಂತ್ರ ಫಲಿತಾಂಶ ಕಳಿಸುತ್ತಿತ್ತು. ಅದು ಕಳಿಸುವುದಷ್ಟೇ, ತನ್ನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಪಕ್ಕದ ಲ್ಯಾಬಿಗೆ ಓಡಿದೆ.

“ಬೆನ್, ಥೋಡಿ ವಾರ್ ರಾಹ್ ಜುವೋ ನೆ,” ಎಂದ ಟೆಕ್ನಿಷಿಯನ್. ಸ್ವಲ್ಪ ಹೊತ್ತು ಕಾಯಿರಿ ಎಂದು. ಎಷ್ಟು ಹೊತ್ತು ಎಂಬುದು ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಗಂಡನ ಫೋನು. “ಆಮೇಲೆ ಮಾಡ್ತೀನಿ,” ಎಂದಷ್ಟೇ ಹೇಳಿ ಇಟ್ಟೆ. ಆ ಎರಡು ಮಾತು ಸಾಕಾಯಿತು. ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡು ಕೂತಿದ್ದ ಹೆಂಗಸು ಎದ್ದು ಬಂದಳು.

“ಅಕ್ಕಾರ, ಕನ್ನಡದವರೇನ್ರಿ? ನಾವು ಬಾಗಲಕೋಟಿಯವರು, ಮನಿಯವರು ರೈಲ್ವೇದಾಗ ಅದಾರ. ಕೂಸಿನ ಜ್ವರ ಬಿಡವಲ್ದು. ರಿಪೋರ್ಟ್ ಬಂದ್ರ ಔಷಧ ಶುರು ಮಾಡ್ತೀನಿ ಅಂದಾರ ಡಾಕ್ಟರು. ಸ್ವಲ್ಪ ನೋಡ್ರಿ.”

“ನೋಡ್ತೀನಮ್ಮ,” ಎಂದೆ.

ಸರ್ವರ್ ಕೋಣೆಗೆ ಬಂದಾಗ ಯುಪಿಎಸ್ ಕೂಗಲು ಶುರುವಾಗಿತ್ತು. ನಿಲ್ಲುವ ಆಜ್ಞೆ ಕೊಟ್ಟೆ. ಪರದೆ ‘ನಿಲ್ಲುತ್ತಿದೆ’ ಎಂದು ತೋರಿಸಿ ಅಲ್ಲೇ ಕೂತಿತು, ಲ್ಯಾಬಿನ ಕೆಲಸಕ್ಕಾಗಿ ಕಾಯುತ್ತಾ. ನಾನೂ ಕಾದೆ. ಕೂಗು ಬಿಡುವಿಲ್ಲದಂತಾಯಿತು. ಇನ್ನು ಕಾಯುವಂತಿರಲಿಲ್ಲ. ಆ ಕೆಲಸವನ್ನು ನಡುವೆಯೇ ಕಡಿದು ಹಾಕಿದೆ. ಅಪ್ಲಿಕೇಶನ್ ನಿಂತಿತು, ಡೇಟಾಬೇಸ್ ನಿಂತಿತು. ಫ್ಯಾನುಗಳ ಸದ್ದು ಅಡಗಿತು. ಯುಪಿಎಸ್ ಆಗಲೂ ಕೂಗುತ್ತಲೇ ಇತ್ತು.

ಕರೆಂಟು ಬಂದಾಗ ಎಲ್ಲ ದಾಖಲೆಯೂ ಸರಿಯಾಗಿತ್ತು. ಆ ಮಗುವಿನ ರಿಪೋರ್ಟ್ ಇರಲಿಲ್ಲ. ತೆಗೆದಿದ್ದ ಚೂರು ರಕ್ತ ಮುಗಿದಿತ್ತು, ಮತ್ತೆ ಚುಚ್ಚಬೇಕು ಎಂದರು ಲ್ಯಾಬಿನವರು.

ತಾಯಿ ಹುಡುಕಿಕೊಂಡು ಬಂದಳು. “ನನ್ನ ಕೈಲೆ ಹಿಡಿಯಾಕ ಆಗೂದಿಲ್ರಿ. ನೀವಽ ಹಿಡ್ಕೋರಿ.”

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಡುವ ಆ ಪುಟ್ಟ ತೋಳನ್ನು ಗಟ್ಟಿಯಾಗಿ ಹಿಡಿದೆ. ನರ ಬೇಗ ಸಿಗಲಿಲ್ಲ. ಕಿರುಚಿ ಕಿರುಚಿ ಮಗುವಿನ ದನಿ ಬಿದ್ದುಹೋಯಿತು. ತಾಯಿ ಗೋಡೆಯ ಕಡೆ ತಿರುಗಿ ನಿಂತಿದ್ದಳು.

“ಕರೆಂಟು ಹೋದ್ರ ನೀವೇನ್ ಮಾಡೀರಿ,” ಎಂದಳು ಆಮೇಲೆ, ನನ್ನನ್ನೇ ಸಮಾಧಾನಪಡಿಸುವ ಹಾಗೆ. ಏನಾಯಿತೆಂದು ಹೇಳಲು ಬಾಯಿ ತೆರೆದೆ. ಅವಳಿಗೆ ಅರ್ಥವಾಗುವ ಹಾಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

ಸಂಜೆ ರಿಪೋರ್ಟ್ ಬಂತು. ಡೆಂಗಿ. ಮಗುವನ್ನು ಸೇರಿಸಿಕೊಂಡರು, ಕೆಲವು ದಿನಗಳಲ್ಲಿ ಗುಣವಾಯಿತು. ಮನೆಗೆ ಹೊರಟ ದಿನ ತಾಯಿ ಅದನ್ನೆತ್ತಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು.

“ಆಂಟಿಗೆ ಟಾಟಾ ಮಾಡು.”

ಮಗು ನನ್ನನ್ನು ಕಂಡದ್ದೇ ತೋಳನ್ನು ಹಿಂದಕ್ಕೆಳೆದುಕೊಂಡು ಅಳತೊಡಗಿತು.