ಎಡಗಡೆಯಿಂದ ಬಂದದ್ದು

ಸಿದ್ದೇಶನ ಅಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರಕ್ಕೆಂದು ನಾಗಪುರಕ್ಕೆ ಬಂದು, ಕಳಮನಾ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮನೆ ಮಾಡಿದವನು. ವ್ಯಾಪಾರ ಕೈಹತ್ತಲಿಲ್ಲ. ಮಗ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಕಲಿತು ಊರ ಹೊರಗಿನ ದೊಡ್ಡದೊಂದು ಗೋದಾಮಿಗೆ ಸೇರಿದ. ಮುಂದೆ ಎರಡು ಕಬ್ಬಿಣದ ತೋಳು ಚಾಚಿಕೊಂಡ ಆ ಗಾಡಿಯಲ್ಲಿ ಕೂತು ಪೆಟ್ಟಿಗೆಗಳನ್ನು ಎತ್ತಿ ಅಟ್ಟಣಿಗೆಗೆ ಏರಿಸುವುದು ಅವನ ಕೆಲಸ. ವರ್ಷಗಟ್ಟಲೆ ಅವನ ಕೈಯಲ್ಲಿ ಒಂದು ಪೆಟ್ಟಿಗೆಯೂ ಬಿದ್ದಿರಲಿಲ್ಲ. ಇತ್ತೀಚೆಗೆ ಮಾತ್ರ ಗಾಡಿ ಆಗೊಮ್ಮೆ ಈಗೊಮ್ಮೆ ಕಂಬಕ್ಕೆ ತಗಲುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತಿದ್ದ.

ಹನುಮಂತನನ್ನು ಅದೇ ಗೋದಾಮಿಗೆ ಹಮಾಲನನ್ನಾಗಿ ಸೇರಿಸಿದವನೂ ಸಿದ್ದೇಶನೇ. ಸಿಂದಗಿ ಕಡೆಯ ಮನುಷ್ಯ, ಐವತ್ತು ದಾಟಿದವನು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿಕೊಂಡು ಒಂದು ಮೂಲೆಗೆ ಕೂರುತ್ತಿದ್ದರು. ಆ ಗೋದಾಮಿನಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಆಗ ಮಾತ್ರ.

ಕಳೆದ ಮಳೆಗಾಲದಲ್ಲಿ ಒಂದು ದಿನ ಸಿದ್ದೇಶ ಗಾಡಿಯನ್ನು ಎಡಕ್ಕೆ ಹೊರಳಿಸಿದ. ಹನುಮಂತನ ಪಾದ ಚಕ್ರದಡಿ ಸಿಕ್ಕಿತು. ವಿಚಾರಣೆಯಲ್ಲಿ ಸಿದ್ದೇಶ ತನಗೆ ಕಂಡದ್ದನ್ನೇ ಹೇಳಿದ: ಅಲ್ಲಿ ಯಾರೂ ಇರಲಿಲ್ಲ, ಹನುಮಂತ ಎಲ್ಲಿಂದಲೋ ಒಮ್ಮೆಲೇ ಅಡ್ಡ ಬಂದ. "ನಾ ಎಲ್ಲಿಂದಲೂ ಬಂದಿಲ್ರಿ, ಅಲ್ಲೇ ನಿಂತಿದ್ದೆ" ಎಂದು ಹನುಮಂತ ಮತ್ತೆ ಮತ್ತೆ ಹೇಳಿದ. ಅಟ್ಟಣಿಗೆಗಳ ಆ ಸಾಲಿನಲ್ಲಿ ಕ್ಯಾಮೆರಾ ಇರಲಿಲ್ಲ. ಸಿದ್ದೇಶನಿಗೆ ಒಳ್ಳೆಯ ಹೆಸರಿತ್ತು. ಗಾಡಿ ಓಡಾಡುವ ದಾರಿಯ ಹಳದಿ ಗೆರೆ ದಾಟಿ ಬಂದ ತಪ್ಪಿಗೆಂದು ಹನುಮಂತನನ್ನು ಕೆಲಸದಿಂದ ತೆಗೆದರು. ಹನುಮಂತ ಹಾಗೆ ಹಸಿ ಸುಳ್ಳು ಹೇಳಿದನಲ್ಲ ಎಂದು ಸಿದ್ದೇಶನಿಗೂ ಸಿಟ್ಟು ಬಂದಿತ್ತು. ಅವನನ್ನು ನೋಡಲೂ ಹೋಗಲಿಲ್ಲ.

ಅಂದಿನಿಂದ ಹಮಾಲರು ಡ್ರೈವರುಗಳ ಜೊತೆ ಮಾತು ಬಿಟ್ಟರು. ಲಾರಿ ಬಂದರೆ ಸನ್ನೆಯಲ್ಲೇ ಕೆಲಸ. ಹೀಗೆ ತಿಂಗಳುಗಟ್ಟಲೆ ನಡೆದ ಮೇಲೆ ಆಫೀಸಿನವರು ಎಲ್ಲರನ್ನೂ ಒಂದು ಮಾಡಬೇಕೆಂದು ಆಟದ ದಿನವೊಂದನ್ನು ಇಟ್ಟರು. ಸಿಬ್ಬಂದಿಯನ್ನು ನೋಡಿಕೊಳ್ಳುವ ಸಪ್ನಾ ಮೇಡಂ ಪುಣೆಯಿಂದ ಹೊಸ ನಮೂನೆಯ ಆಟ ತರಿಸಿದರು. ತಲೆಗೆ ಒಂದು ದಪ್ಪ ಕನ್ನಡಕ, ಮಣಿಕಟ್ಟಿಗೆ ಒಂದು ಪಟ್ಟಿ. ಹಾಕಿಕೊಂಡರೆ ಎದುರಿಗಿನ ಜನ, ಗೋಡೆ ಎಲ್ಲ ಇದ್ದ ಹಾಗೇ ಕಾಣುತ್ತವೆ. ಅವುಗಳ ನಡುವೆ ಇಲ್ಲದ ಬೆಂಕಿಯುಂಡೆಗಳೂ ಹಾರಾಡುತ್ತವೆ. ಕೈ ಬೀಸಿದರೆ ಉಂಡೆ ಎದುರಾಳಿಯತ್ತ ಹೋಗುತ್ತದೆ. ಬಂದದ್ದನ್ನು ತಪ್ಪಿಸಿಕೊಳ್ಳಬೇಕು.

ಪ್ರತಿ ತಂಡದಲ್ಲೂ ಇಬ್ಬರು ಡ್ರೈವರು, ಇಬ್ಬರು ಹಮಾಲರು. ಸಿದ್ದೇಶನ ಜೊತೆಗೆ ಅವನ ಗೆಳೆಯ, ಇನ್ನೊಬ್ಬ ಡ್ರೈವರು ಮೇಶ್ರಾಮ್ ಇದ್ದ. ಮೊದಮೊದಲು ಎಲ್ಲರೂ ಬಿಗುವಾಗಿಯೇ ಇದ್ದರು. ಸ್ವಲ್ಪ ಹೊತ್ತಿಗೆ, ಖಾಲಿ ಗಾಳಿಗೆ ಹೆದರಿ ಕುಣಿಯುವ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ಸಿದ್ದೇಶನೂ ನಕ್ಕ. ಎಷ್ಟೋ ದಿನದ ಮೇಲೆ ಹಮಾಲನೊಬ್ಬ ಅವನ ಹೆಗಲ ಮೇಲೆ ಕೈಯಿಟ್ಟು, "ಜಲ್ದಿ ಬಗ್ಗು ದಾದಾ" ಅಂದಿದ್ದ.

ಆದರೆ ಸಿದ್ದೇಶ ಆಗ ಬಗ್ಗಲಿಲ್ಲ. ಬಲಗಡೆಯಿಂದ ಬಂದದ್ದನ್ನೆಲ್ಲ ಚೆನ್ನಾಗಿ ತಪ್ಪಿಸಿಕೊಂಡ. ಎಡದಿಂದ ಬಂದ ಒಂದೊಂದು ಉಂಡೆಯೂ ಅವನಿಗೇ ಬಡಿಯಿತು. ದೊಡ್ಡ ಪರದೆಯ ಮೇಲೆ ಅವನ ಹೆಸರಿನ ಮುಂದೆ ಕೆಂಪು ಗುರುತುಗಳು ಬೀಳುತ್ತಲೇ ಹೋದವು. ಆಟ ಆಡಿಸುವ ಹುಡುಗಿ ಬಂದು, "ಇದರ ಎಡಭಾಗ ಕೆಟ್ಟಿರಬೇಕು" ಎಂದು ಬೇರೆ ಕನ್ನಡಕ ಕೊಟ್ಟಳು. ಮತ್ತೆ ಹಾಗೇ ಆಯಿತು. ಮೊದಲಿನದನ್ನು ಮೇಶ್ರಾಮ್ ಹಾಕಿಕೊಂಡು ನೋಡಿದ. "ಇದು ಸರಿಯಾಗಿಯೇ ಇದೆಯಲ್ಲ" ಎಂದ ಮರಾಠಿಯಲ್ಲಿ.

ನಗು ನಿಂತಿತು. ಹೆಗಲ ಮೇಲೆ ಕೈಯಿಟ್ಟಿದ್ದ ಹಮಾಲ ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಸಣ್ಣ ದನಿಯಲ್ಲಿ, "ಹನುಮಂತನೂ ಎಡಗಡೆಗೇ ನಿಂತಿದ್ದ" ಎಂದ. ಸಪ್ನಾ ಮೇಡಂ ಎಲ್ಲರನ್ನೂ ಊಟಕ್ಕೆ ಕರೆದರು. ಹಮಾಲರು ತಟ್ಟೆ ಹಿಡಿದುಕೊಂಡು ಬೇರೆಯಾಗಿ ಹೋಗಿ ಕೂತರು.

ಸಿದ್ದೇಶ ಮರುದಿನವೇ ಕಣ್ಣು ತೋರಿಸಲು ಹೋದ. ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ನರ ಒಣಗುತ್ತಿದೆ, ಎಡಗಡೆಯ ನೋಟ ಬಹುಪಾಲು ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ಹನಿ ಹಾಕಿಕೊಳ್ಳಬೇಕು ಎಂದರು.

"ವರ್ಷಾ ವರ್ಷಾ ಕಂಪನಿಯವರು ಕಣ್ಣು ನೋಡ್ತಾರಲ್ರಿ. ಗ್ವಾಡಿ ಮ್ಯಾಲಿನ ಅಕ್ಷರ ಎಲ್ಲಾ ಓದೀನಿ" ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗಿದ, ಡಾಕ್ಟರಿಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳುವವನಂತೆ. "ಎದುರಿಗಿದ್ದದ್ದು ಕಾಣ್ತದಂತ. ಬಾಜೂದ್ದು ಸಾವಕಾಶ ಹೋಗ್ತದಂತ. ಹೋಗಿದ್ದು ನಮಗ ಗೊತ್ತಾಗೂದಿಲ್ಲಂತ." ಆಮೇಲೆ, "ಹನುಮಂತಣ್ಣ ಖರೇನ ಅಲ್ಲಿ ನಿಂತಿದ್ದ, ದಾಕ್ಷಾ" ಎಂದ.

ದಾಕ್ಷಾಯಿಣಿ ಅಕ್ಕಿ ಆರಿಸುತ್ತಿದ್ದಳು. "ಈಗ ಅದನ್ನ ಹೇಳಿ ಏನ್ ಬರ್ತೈತ್ರಿ? ನಿಮ್ಮ ಕೆಲಸಾನೂ ಹೋಗ್ತೈತಿ. ಸುಮ್ಮನಿರ್ರಿ" ಎಂದಳು.

ಅವನು ಸುಮ್ಮನಿರಲಿಲ್ಲ. ಸಪ್ನಾ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ಹನುಮಂತನನ್ನು ವಾಪಸು ಕರೆಸಿ ಎಂದು ಕೇಳಿಕೊಂಡ. ಅವರು ಮರುಕದಿಂದಲೇ ಕೇಳಿಸಿಕೊಂಡರು. ಗಾಡಿಯಿಂದ ಇಳಿಸಿ ಅವನನ್ನು ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಹನುಮಂತನ ಮಾತು ಬಂದಾಗ ಮಾತ್ರ, "ಅದು ಮುಗಿದ ವಿಷಯ. ಅದನ್ನು ಮತ್ತೆ ಕೆದಕಿದರೆ ನಿಮಗೇ ತೊಂದರೆ" ಎಂದು ಹಿಂದಿಯಲ್ಲಿ ಹೇಳಿ, ಫೋನು ಕೈಗೆತ್ತಿಕೊಂಡರು.

ಹನುಮಂತ ಈಗ ಕಳಮನಾ ಮಾರುಕಟ್ಟೆಯಲ್ಲಿದ್ದಾನೆಂದು ತಿಳಿದು ಸಿದ್ದೇಶ ಒಂದು ಬೆಳಗ್ಗೆ ಅಲ್ಲಿಗೆ ಹೋದ. ಹನುಮಂತ ಮೆಣಸಿನಕಾಯಿ ರಾಶಿಗಳ ನಡುವೆ ಕೂತು ಚೀಲದ ಬಾಯಿ ಹೊಲಿಯುತ್ತಿದ್ದ. ಭಾರ ಹೊರಲು ಪಾದ ಬಿಡುತ್ತಿರಲಿಲ್ಲ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು. ಸಿದ್ದೇಶ ನಿಂತುಕೊಂಡೇ ಕಣ್ಣಿನ ವಿಷಯ ಹೇಳಿದ. "ತಪ್ಪು ನಂದೈತಿ, ಹನುಮಂತಣ್ಣ. ನೀವು ಅಲ್ಲೇ ಇದ್ರಿ. ನನಗ ಕಾಣಲಿಲ್ಲ."

ಹನುಮಂತ ದಬ್ಬಣ ನಿಲ್ಲಿಸಲಿಲ್ಲ. ಒಂದು ಚೀಲ ಮುಗಿಸಿ ದಾರ ಕಡಿದು, ಆಮೇಲೆ ಅಂದ:

"ಕಾಣಲಿಲ್ಲ ಅಂದ್ರ ಒಪ್ತೀನಿ, ತಮ್ಮಾ. ಕಣ್ಣಿನ ಮ್ಯಾಲ ಯಾರದೇನು ಜೋರು ಐತಿ? ಆದ್ರ ನಾ ಅಷ್ಟು ಮಂದಿ ಮುಂದ ಬಾಯಿ ಬಿಟ್ಟು ಹೇಳಿದ್ನಲ್ಲ. ಅದು ನಿನಗ ಕೇಳಿಸಿತ್ತೋ ಇಲ್ಲೋ?"

"ಕೇಳಿಸಿತ್ತು."

"ದಿನಾ ನನ್ನ ಬುತ್ತಿಯಾಗಿಂದು ಉಂಡಾಂವ ನೀ. ನಾ ಸುಳ್ಳು ಹೇಳಾಂವ ಅಂತ ಹೆಂಗ ಅನಿಸ್ತು ನಿನಗ?"

ಹನುಮಂತ ಮುಂದಿನ ಚೀಲವನ್ನು ಎಳೆದುಕೊಂಡ. "ಚಲೋ, ಹೋಗಿ ಬಾ. ಬಿಸಲ ಏರಾಕ ಹತ್ತೈತಿ" ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಚಹಾ ಕುಡಿದು ಹೋಗು ಎನ್ನಲಿಲ್ಲ.

ಆಮೇಲೆ ಇನ್ನೆರಡು ಸಲ ಹೋದ. ಒಂದು ಸಲ ಹನುಮಂತ ತಲೆ ಎತ್ತಿ ನೋಡಿ ಕೆಲಸ ಮುಂದುವರಿಸಿದ. ಇನ್ನೊಂದು ಸಲ ಆ ಜಾಗದಲ್ಲಿ ಬೇರೆ ಯಾರೋ ಹೊಲಿಯುತ್ತಿದ್ದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದನೆಂದು ತಿಳಿಯಿತು. ಊರೆಂದರೆ ಸಿಂದಗಿಯೋ, ಅದರ ಸುತ್ತಿನ ಯಾವ ಹಳ್ಳಿಯೋ, ಅಷ್ಟು ವರ್ಷ ಜೊತೆಗೆ ಉಂಡರೂ ಸಿದ್ದೇಶ ಕೇಳಿರಲಿಲ್ಲ.